ತಾತನ ಜಮೀನು, ಮೊಮ್ಮಕ್ಕಳ ಪಾಲು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯೆಯ ಸಭೆಯಲ್ಲಿ ಆಸ್ತಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ತಂದೆಯನ್ನು ಕಳೆದುಕೊಂಡ ಮಕ್ಕಳು ಓದು ನಿಲ್ಲಿಸುವುದಕ್ಕೆ ಬಡತನ ಒಂದೇ ಕಾರಣವಲ್ಲ. ಎಷ್ಟೋ ಮನೆಗಳಲ್ಲಿ ತಾತನ ಜಮೀನು ಇರುತ್ತದೆ, ಅದರಲ್ಲಿ ಆ ಮಕ್ಕಳಿಗೆ ಪಾಲು ಇರುವುದಿಲ್ಲ.

ಪಾಂಡವಪುರದ ಕಡೆ ನಾಲೆ ಬಯಲಿನಲ್ಲಿ ಒಬ್ಬರಿಗೆ 3 ಎಕರೆ, ಅಂದರೆ 120 ಗುಂಟೆ ಇದೆ ಎಂದಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅವರು ತೀರಿಕೊಂಡರೆ ಹೆಂಡತಿಗೆ ಎಂಟನೇ ಒಂದು ಭಾಗ, 15 ಗುಂಟೆ. ಉಳಿದದ್ದರಲ್ಲಿ ಗಂಡುಮಕ್ಕಳಿಗೆ 42 ಗುಂಟೆಯಂತೆ, ಮಗಳಿಗೆ 21. ಸೂರಾ ಅನ್ನಿಸಾದ 11 ಮತ್ತು 12ನೇ ಆಯತ್‌ಗಳಲ್ಲಿ ಹೇಳಿದ ಪ್ರಕಾರವೇ ಈ ಲೆಕ್ಕ.

ಆದರೆ ಹಿರಿಯ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ? ಕಿರಿಯ ಮಗ ಬದುಕಿರುವುದರಿಂದ ಹಿರಿಯನ ಮಕ್ಕಳು ವಾರಸುದಾರರಾಗುವುದಿಲ್ಲ. ತಂದೆಗೆ ಬರಬೇಕಿದ್ದ 42 ಗುಂಟೆ ಅವರಿಗೆ ಬರುವುದಿಲ್ಲ. ಈಜಿಪ್ಟ್ 1946ರಲ್ಲಿ, ಪಾಕಿಸ್ತಾನ 1961ರಲ್ಲಿ ಇಂತಹ ಮೊಮ್ಮಕ್ಕಳಿಗಾಗಿ ಕಾನೂನು ಮಾಡಿಕೊಂಡವು. ನಮ್ಮ ರಾಜ್ಯದಲ್ಲಿ ಅಂತಹ ಕಾನೂನು ಇಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅದೇ ವಸಿಯತ್. ಕಫನ್-ದಫನ್ ಖರ್ಚು ಮತ್ತು ಸಾಲ ತೀರಿದ ಮೇಲೆ ಉಳಿಯುವ ಆಸ್ತಿಯಲ್ಲಿ ಮೂರನೇ ಒಂದು ಭಾಗದವರೆಗೆ ವಾರಸುದಾರರಲ್ಲದವರಿಗೆ ಬರೆಯಬಹುದು. (ಕೊಡದೆ ಉಳಿದ ಮಹರ್ ಸಹ ಸಾಲವೇ. ಇದನ್ನು ನಮ್ಮಲ್ಲಿ ನೆನಪಿಡುವ ಗಂಡಸರು ಕಡಿಮೆ.) 120 ಗುಂಟೆಯಲ್ಲಿ ಮೂರನೇ ಒಂದು ಎಂದರೆ 40. ಮಕ್ಕಳ ತಂದೆ ಬದುಕಿದ್ದರೆ ಬರುತ್ತಿದ್ದುದು 42. ಎರಡೇ ಗುಂಟೆ ವ್ಯತ್ಯಾಸ! ತಾತ ಒಂದು ಹಾಳೆ ಬರೆದಿಟ್ಟರೆ ಮೊಮ್ಮಕ್ಕಳು ಬೀದಿಗೆ ಬೀಳುವುದಿಲ್ಲ. ಚಿಕ್ಕಪ್ಪನ ಮುಂದೆ ಕೈಚಾಚಬೇಕಾಗಿಯೂ ಇಲ್ಲ.

ವಸಿಯತ್ ಬರೆದರೆ ಸಾವು ಬೇಗ ಬರುತ್ತದೆಂಬ ಹೆದರಿಕೆ ನಮ್ಮ ಹಿರಿಯರಲ್ಲಿದೆ. ಆದರೆ ಕೊಡುವುದೇನಾದರೂ ಇದ್ದವನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಅರ್ಥದ ಹದೀಸ್ ಇದೆ. ಬಾಯಿಮಾತಿನ ವಸಿಯತ್ ನಮ್ಮ ಕಾನೂನಿನಲ್ಲಿ ಸಲ್ಲುತ್ತದೆ, ನಿಜ. ಆದರೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಯಾರು ಉಳಿದಿರುತ್ತಾರೆ? ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಇದಕ್ಕೆ ಸ್ಟ್ಯಾಂಪ್ ಶುಲ್ಕವಿಲ್ಲ. ಮನಸ್ಸು ಬದಲಾದರೆ ಬದುಕಿರುವವರೆಗೆ ತಿದ್ದಲೂಬಹುದು. ಇತರ ವಾರಸುದಾರರ ಒಪ್ಪಿಗೆ ಇಲ್ಲದೆ ಒಬ್ಬ ಮಗನಿಗೆ ಮಾತ್ರ ಹೆಚ್ಚು ಬರೆದರೆ ಅದು ನಿಲ್ಲುವುದಿಲ್ಲ. ಜೀವಂತವಿರುವಾಗಲೇ ಕೊಡುವುದಾದರೆ ಹಿಬಾ ಇದೆ. ಆದರೆ ಸ್ವಾಧೀನವನ್ನೂ ಬಿಟ್ಟುಕೊಡಬೇಕು, ಬರೀ ಕಾಗದ ಸಾಲದು.

ಇನ್ನು ಖಾತೆಯ ವಿಷಯ. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯ ಗದ್ದೆಯಾಗಲಿ, ಕೆ.ಆರ್. ಪೇಟೆ, ನಾಗಮಂಗಲದ ಹೇಮಾವತಿ ನೀರಿನ ಜಮೀನಾಗಲಿ, ಪಹಣಿಯಲ್ಲಿ ಮುತ್ತಾತನ ಹೆಸರೇ ಇರುವ ಮನೆಗಳು ಬಹಳ. ಬೆಂಗಳೂರು–ಮೈಸೂರು ಹೆದ್ದಾರಿಯಂತಹ ಕೆಲಸಕ್ಕೆ ಜಮೀನು ಹೋದಾಗ ಪರಿಹಾರಕ್ಕೆ ಮೊದಲು ಕೇಳುವುದೇ ಈ ದಾಖಲೆಗಳನ್ನು. ಬೆಳೆಸಾಲಕ್ಕೂ ಅಷ್ಟೇ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಆರಂಭಿಸಿದ್ದು ಇದೇ ಕಾರಣಕ್ಕೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಸಿದ್ಧಮಾಡಿಕೊಂಡು ಪೌತಿ ಖಾತೆ ಮಾಡಿಸಿ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ತವರಿನ ಸಂಬಂಧ ಉಳಿಯಬೇಕಾದರೆ ಸಹಿ ಹಾಕು ಎಂದು ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವವರು ಐದು ವೇಳೆ ನಮಾಜು ಮಾಡುವವರಲ್ಲೂ ಇದ್ದಾರೆ. ಹೇಳಲು ನನಗೇ ನಾಚಿಕೆಯಾಗುತ್ತದೆ. ಆ 21 ಗುಂಟೆ ಅಣ್ಣ ಕೊಡುವ ದಾನವಲ್ಲ.

ವಿದ್ಯಾರ್ಥಿಗಳೇ, ಮನೆಯಲ್ಲಿ ಪಹಣಿ ಓದಬಲ್ಲವರು ನೀವೇ. ಇಂದು ಸಂಜೆ ಅದನ್ನು ತೆಗೆದು ಯಾರ ಹೆಸರಿದೆ ನೋಡಿ, ತಾತನ ಪಕ್ಕದಲ್ಲಿ ಕುಳಿತು ಓದಿ ಹೇಳಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಾಮಿನಿ ಯಾರೆಂದೂ ನೋಡಿ. ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸುವವನು, ಅದರ ಒಡೆಯನಲ್ಲ. ಈ ತಪ್ಪು ತಿಳಿವಳಿಕೆಯಿಂದಲೂ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.