ಟೂ ಅಂದರೆ ತುಂಬಾ ಅಲ್ಲ



ಇಂಗ್ಲಿಷ್ ಮೇಷ್ಟ್ರ ಕೈಗೆ ಮೈಕು ಸಿಕ್ಕಿದರೆ ವ್ಯಾಕರಣ ತಪ್ಪದು ಅಂತ ನೀವು ಹೆದರಿದ್ದೀರಿ. ಹೆದರಿದ್ದು ಸರಿಯೇ. ಆದರೆ ಇವತ್ತು ತಂದಿರುವುದು ಒಂದೇ ಪದ, ‘ಟೂ’.

ನನ್ನ ಶಿಷ್ಯನೊಬ್ಬ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋಗಿದ್ದ. ಕೈಕೆಲಸ ಚೆನ್ನಾಗಿ ಬಲ್ಲವನು. ಮನೆ ದೂರವೇ ಅಂತ ಕೇಳಿದರು. ‘ಟೂ ಫಾರ್ ಸರ್’ ಅಂದ. ಮಾಗಡಿ ಆಚೆಯ ಹಳ್ಳಿ, ತುಂಬಾ ದೂರ, ಆದರೂ ಬರುತ್ತೇನೆ ಅನ್ನುವುದು ಅವನ ಮನಸ್ಸಿನಲ್ಲಿದ್ದ ಮಾತು. ಅವರಿಗೆ ಕೇಳಿಸಿದ್ದು, ಬಂದು ಹೋಗಲಾಗದಷ್ಟು ದೂರ ಅಂತ. ಕೆಲಸ ಸಿಗಲಿಲ್ಲ. ಅದೊಂದೇ ಕಾರಣ ಅನ್ನಲಾರೆ. ಆದರೆ ‘ಟೂ ಅಂದರೆ ತುಂಬಾ’ ಅಂತ ಕಪ್ಪು ಹಲಗೆಯ ಮೇಲೆ ಬರೆದು, ಅವನ ನೋಟ್ಸಿಗೆ ಸಹಿ ಹಾಕಿದವನು ನಾನು.

ಆಮೇಲೆ ಪಾಠ ಬದಲಿಸಿದೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ತರಗತಿಗೆ ತಂದೆ. ಹರಾಜಿನಲ್ಲಿ ರೇಟು ಏರಿತು ಅನ್ನಿ. ಬೆಳೆಗಾರನಿಗೆ ಅದು ‘ವೆರಿ ಹೈ’, ರೀಲರಿಗೆ ‘ಟೂ ಹೈ’. ರೇಟು ಒಂದೇ. ವೆರಿ ಅಂದವನು ಮೀಸೆಯಡಿ ನಗುತ್ತಾನೆ, ಟೂ ಅಂದವನು ಮುಂದಿನ ಲಾಟಿನ ಕಡೆ ನಡೆಯುತ್ತಾನೆ. ಟೂ ಹಿಂದೆ ಒಂದು ‘ಆಗದು’ ಅಡಗಿ ಕೂತಿರುತ್ತದೆ. ಚನ್ನಪಟ್ಟಣದ ಬೊಂಬೆ ‘ವೆರಿ ಸ್ಮಾಲ್’ ಅಂದರೆ ಪುಟಾಣಿ ಬೊಂಬೆ. ‘ಟೂ ಸ್ಮಾಲ್’ ಅಂತ ಹೊರದೇಶದ ಗಿರಾಕಿ ಬರೆದರೆ ಹಿಗ್ಗಬೇಡಿ, ಮಗು ನುಂಗೀತು, ಬೇಡ ಅಂತ ಅರ್ಥ ಇರಬಹುದು.

ಇದು ನಮಗೆ ಹೊಸದೇನಲ್ಲ. ‘ಕುಡಿಯಲಾಗದಷ್ಟು ಬಿಸಿ’ ಅನ್ನುತ್ತೇವಲ್ಲ, ಆ ‘ಲಾಗದಷ್ಟು’ ಇದೆಯಲ್ಲ, ಅದೇ ಟೂ. ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ಮನೆಯಲ್ಲಿ ಮುಖ ಸಿಂಡರಿಸುವಾಗಲೂ ನಾವು ಹೇಳುತ್ತಿರುವುದು ಟೂ. ‘ಬೋ ಸಂದಾಗದೆ’ ಅನ್ನುವಾಗಿನ ಬೋ ಮಾತ್ರ ವೆರಿ. ಈ ವೆರಿ ಹಳೆಯ ಫ್ರೆಂಚಿನಿಂದ ಬಂದದ್ದು, ಮೂಲದಲ್ಲಿ ‘ನಿಜ’ ಅಂತ ಅರ್ಥ. ನಮ್ಮ ಹುಡುಗರ ‘ಸಖತ್’ ಫಾರ್ಸಿಯದು, ಅಲ್ಲಿ ಅದು ಗಟ್ಟಿ, ಕಠಿಣ. ಇನ್ನು ‘ಭಯಂಕರ ಚೆನ್ನಾಗಿದೆ’ ಅನ್ನುವವರನ್ನು ಕಂಡು ನಗಬೇಡಿ, ಇಂಗ್ಲಿಷಿನವರೂ ‘ಆಫುಲಿ ಗುಡ್’ ಅನ್ನುತ್ತಾರೆ.

ಗೆಳೆಯರು ಮೆಚ್ಚಿಕೊಂಡು ‘ಟೂ ಗುಡ್’ ಅಂದರೆ ಅಂದುಕೊಳ್ಳಲಿ, ಅದು ಈಗ ರೂಢಿಗೆ ಬಂದುಬಿಟ್ಟಿದೆ. ಅರ್ಜಿಯಲ್ಲಿ, ಸಂದರ್ಶನದಲ್ಲಿ ಮಾತ್ರ, ಮಕ್ಕಳೇ, ವೆರಿ ಅನ್ನಿ.

ಆ ಶಿಷ್ಯ ಇವತ್ತು ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಬೆಳಿಗ್ಗೆ ಸಿಕ್ಕವನು, ‘ಸರ್, ಭಾಷಣ ಟೂ ಲಾಂಗ್ ಆಗದಿರಲಿ’ ಅಂದ. ಸರಿಯಾಗಿಯೇ ಬಳಸಿದ್ದಾನೆ. ಕೂರುತ್ತೇನೆ.