ಯೋಜನೆಗಳ ಅನುಷ್ಠಾನದಲ್ಲಿ ಭಾಗೀದಾರರ ಪಾತ್ರ

(ಬೆಲ್ಲದ ಬಾಗೇವಾಡಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆಗಳನ್ನು ತಯಾರಿಸುವ ಹಾಗೂ ಅವುಗಳನ್ನು ಅನುಷ್ಠಾನಗೊಳಿಸುವ ಹೊಣೆಯನ್ನು ಪಂಚಾಯತಿಗಳಿಗೆ ವಹಿಸಲು ಅದು ಅವಕಾಶ ಕಲ್ಪಿಸಿತು. ಯೋಜನೆ ತಯಾರಿಸುವಾಗ ವಾರ್ಡ್ ಸಭೆ, ಗ್ರಾಮ ಸಭೆಗಳಿಗೆ ಜನರನ್ನು ಕರೆಯಲಾಗುತ್ತದೆ. ಆದರೆ ಅಂದಾಜು ಪತ್ರಿಕೆ ಸಿದ್ಧವಾಗಿ, ಅಗೆಯುವ ಯಂತ್ರವು ಓಣಿಗೆ ಬಂದ ದಿನದಿಂದ ಅದೇ ಜನರು ಕೇವಲ ಪ್ರೇಕ್ಷಕರಾಗುತ್ತಾರೆ. ಅನೇಕ ಕಾಮಗಾರಿಗಳು ಕೆಡುವುದು ಇಲ್ಲಿಯೇ.

ಭಾಗೀದಾರರೆಂದರೆ ನಡಾವಳಿ ಪುಸ್ತಕದಲ್ಲಿ ಸಹಿ ಮಾಡಿದವರಷ್ಟೇ ಅಲ್ಲ. ಕಾಮಗಾರಿಯ ಲಾಭವಾಗಲಿ, ತೊಂದರೆಯಾಗಲಿ ಯಾರಿಗೆ ತಟ್ಟುವುದೋ ಅವರೆಲ್ಲರೂ ಭಾಗೀದಾರರು. ಕಬ್ಬಿನ ಸೀಮೆಯ ಒಂದು ಹೊಲದ ರಸ್ತೆಯನ್ನೇ ಉದಾಹರಣೆಯಾಗಿ ನೋಡಬಹುದು. ರಸ್ತೆಯ ಉದ್ದ, ಅಗಲ, ದಪ್ಪಗಳು ಅಂದಾಜು ಪತ್ರಿಕೆಯಲ್ಲಿರುತ್ತವೆ. ಆಚೆಯ ಹೊಲಕ್ಕೆ ನೀರು ಎಲ್ಲಿಂದ ದಾಟಬೇಕು, ಕಬ್ಬು ತುಂಬಿದ ಟ್ರ್ಯಾಕ್ಟರ್ ಯಾವ ತಿರುವಿನಲ್ಲಿ ಸಿಲುಕುತ್ತದೆ, ಮಳೆಗಾಲದಲ್ಲಿ ಯಾರ ಅಂಗಳಕ್ಕೆ ನೀರು ನುಗ್ಗುತ್ತದೆ ಎಂಬುದು ಅಲ್ಲಿಯ ರೈತರಿಗೆ, ಚಾಲಕರಿಗೆ, ಮನೆಯ ಮಹಿಳೆಯರಿಗೆ ಗೊತ್ತಿರುತ್ತದೆ. ಇವರನ್ನು ಕೇಳದೆ ರಸ್ತೆ ಹಾಕಿದರೆ, ನೀರು ದಾಟಿಸಲು ಪೈಪ್ ಇಲ್ಲದ ರೈತನು ಮರುವರ್ಷ ಅದೇ ರಸ್ತೆಯನ್ನು ಕಡಿಯುತ್ತಾನೆ. ತಪ್ಪು ರೈತನದೆಂದು ದಾಖಲಾಗುತ್ತದೆ. ನಷ್ಟ ಮಾತ್ರ ಇಡೀ ಊರಿಗೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ನದಿತೀರದ ಹಿರಿಯರು ಗೋಡೆಯ ಮೇಲೆ ಕೈಯಿಟ್ಟು ತೋರಿಸಬಲ್ಲರು. ಆ ಗುರುತನ್ನು ನೋಡದೆ ಗಟಾರದ ಮಟ್ಟವನ್ನು ನಿಗದಿಪಡಿಸುವುದು ಸರಿಯಲ್ಲ.

ಸಭೆಯ ಸಮಯವೂ ಮುಖ್ಯ. 2018ರಲ್ಲಿ ಆರಂಭವಾದ ಜನರ ಯೋಜನೆ ಅಭಿಯಾನವು ಅಕ್ಟೋಬರ್ 2ರಿಂದ ಡಿಸೆಂಬರ್ 31ರವರೆಗೆ ನಡೆಯಿತು. ಕಬ್ಬಿನ ಸೀಮೆಯಲ್ಲಿ ಅದು ಕಟಾವಿನ ಕಾಲ. ಆ ದಿನಗಳಲ್ಲಿ ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ದುಡಿಯುವವರು ಬರಲಾರರು. ಸಂಜೆ ಹೊತ್ತು, ಆಯಾ ಜನವಸತಿಯಲ್ಲಿಯೇ ಸೇರುವುದು ಸೂಕ್ತ. ಹೊರ ಊರುಗಳಿಂದ ಬರುವ ಕಬ್ಬು ಕಡಿಯುವ ತಂಡಗಳಿಗೆ ಇಲ್ಲಿ ಮತವಿಲ್ಲ. ಆದರೆ ನೀರು, ಶೌಚಾಲಯ, ಮಕ್ಕಳಿಗೆ ಅಂಗನವಾಡಿ ಅವರಿಗೂ ಬೇಕು. ಅವರ ಪರವಾಗಿ ಮಾತನಾಡಬೇಕಾದವರು ಸದಸ್ಯರೇ.

ಹಣದ ಮಿತಿಯನ್ನೂ ಜನರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. 15ನೇ ಹಣಕಾಸು ಆಯೋಗವು 2021-26ರ ಅವಧಿಯ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಪಡಿಸಿತು. ಕೇಳಿದ ರಸ್ತೆ ಏಕೆ ಆಗಲಿಲ್ಲವೆಂಬುದನ್ನು ಮುಂದಿನ ಸಭೆಯಲ್ಲಿ ವಿವರಿಸಿದರೆ ಜನರು ಒಪ್ಪುತ್ತಾರೆ. ಉತ್ತರವೇ ಸಿಗದಿದ್ದರೆ ಸಭೆಗೆ ಬರುವುದನ್ನು ಬಿಡುತ್ತಾರೆ.

ಈ ತಾಲೂಕಿಗೆ ಭಾಗೀದಾರಿಕೆ ಹೊಸದಲ್ಲ. ಬಳಕೆದಾರರನ್ನೇ ಸದಸ್ಯರನ್ನಾಗಿಸಿಕೊಂಡ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿಯೇ ಸ್ಥಾಪನೆಯಾಯಿತು. ಸೇವೆ ಪಡೆಯುವವನೇ ಸಂಸ್ಥೆಯ ಒಡೆಯನೂ ಆಗಬಹುದೆಂಬ ತಿಳಿವಳಿಕೆ ಇಲ್ಲಿಯ ಜನರಿಗಿದೆ. ಜಲ ಜೀವನ್ ಮಿಷನ್ ಅಡಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮದ ಆಶಯವೂ ಇದೇ. ಕೊನೆಯ ಮನೆಯ ನಳಕ್ಕೆ ನೀರು ಬಂದಿತೇ ಎಂಬುದನ್ನು ಕೊಡ ಹಿಡಿದು ನಿಂತವರೇ ಮೊದಲು ಹೇಳಬಲ್ಲರು.

ಆದ್ದರಿಂದ ಪ್ರತಿ ಕಾಮಗಾರಿಯಲ್ಲಿ ಸದಸ್ಯರು ಮೂರು ಕ್ರಮಗಳನ್ನು ಪಾಲಿಸುವುದು ಒಳಿತು.

1. ಸುಣ್ಣದ ಗೆರೆ ಎಳೆಯುವ ದಿನ ಅಕ್ಕಪಕ್ಕದ ಮನೆ, ಹೊಲದವರನ್ನು ಸ್ಥಳಕ್ಕೆ ಕರೆದು ಅಭಿಪ್ರಾಯ ದಾಖಲಿಸುವುದು. ರಸ್ತೆಯಡಿ ನೀರಿನ ಪೈಪ್ ಹಾಕುವುದಿದ್ದರೆ ಮೊದಲು ಪೈಪ್, ಆನಂತರ ಕಾಂಕ್ರೀಟ್.

2. ಕಾಮಗಾರಿಯ ಮೊತ್ತ, ಅವಧಿ, ಅಳತೆಗಳನ್ನು ಕೆಲಸ ಮುಗಿದ ಮೇಲಲ್ಲ, ಆರಂಭದಲ್ಲಿಯೇ ನಾಮಫಲಕದಲ್ಲಿ ಬರೆಸುವುದು.

3. ಅಂತಿಮ ಬಿಲ್ಲಿಗೆ ಮುನ್ನ ಬಳಕೆದಾರರೊಂದಿಗೆ ಸ್ಥಳ ಪರಿಶೀಲಿಸುವುದು. ಜಮಾಬಂದಿಯಲ್ಲಿ ಅದರ ಲೆಕ್ಕವನ್ನು ಓದಿ ಹೇಳುವುದು.

ಇದರಿಂದ ಕೆಲಸ ಕೆಲವು ದಿನ ತಡವಾಗಬಹುದು. ಆದರೆ ಊರಿನವರು ತಾವೇ ನಿಂತು ಮಾಡಿಸಿದ ಗಟಾರವನ್ನು ತಾವೇ ಕಾಯುತ್ತಾರೆ. ಗ್ರಾಮ ಪಂಚಾಯತಿಗೆ ಇದಕ್ಕಿಂತ ದೊಡ್ಡ ಉಳಿತಾಯವಿಲ್ಲ.