ಎದೆಯೊಳಗಿನ ವಿವೇಕ

ಪ್ರೀತಿ, ಮರುಕ, ದುಃಖಗಳು ಹೃದಯದ ಪಾಲು, ವಿಚಾರವೆಲ್ಲ ತಲೆಯ ಪಾಲು ಎಂದು ನಾವಿಂದು ಹಂಚಿಬಿಟ್ಟಿದ್ದೇವೆ. ಮೊದಲ ನಾಲ್ಕೈದು ಶತಮಾನಗಳ ಕ್ರೈಸ್ತ ಚಿಂತಕರು ಈ ಹಂಚಿಕೆಯನ್ನು ಒಪ್ಪುತ್ತಿರಲಿಲ್ಲ. ಅವರು ಓದುತ್ತಿದ್ದ ಬೈಬಲ್ಲಿನಲ್ಲಿ ರಾಜ ಸೊಲೊಮೋನ ನ್ಯಾಯ ತೀರಿಸಲೆಂದು ಬೇಡುವುದು ವಿವೇಕವುಳ್ಳ ಹೃದಯವನ್ನು. ಕೆಟ್ಟ ಆಲೋಚನೆಗಳು ಹೊರಡುವುದೂ ಹೃದಯದಿಂದಲೇ ಎನ್ನುತ್ತಾನೆ ಯೇಸು. ಉತ್ತರ ಆಫ್ರಿಕದ ಅಗಸ್ಟೀನ್ ಸುಮಾರು 397ರಲ್ಲಿ ಬರೆಯತೊಡಗಿದ ‘ಕನ್ಫೆಷನ್ಸ್’ ಗ್ರಂಥದಲ್ಲಿ, ಒಳ್ಳೆಯದೆಂದು ತಿಳಿದೂ ಅದರತ್ತ ಹೆಜ್ಜೆಯಿಡಲಾರದ ತನ್ನ ಸಂಕಲ್ಪದ ಒಡಕನ್ನು ಎಳೆಎಳೆಯಾಗಿ ಬಿಡಿಸುತ್ತಾನೆ. ಅಲ್ಲಿ ಹೃದಯ ಅರಿಯುತ್ತದೆ, ಬಯಸುತ್ತದೆ, ನಿರ್ಧರಿಸುತ್ತದೆ. ತಪ್ಪಿಗೆ ಹೊಣೆಯನ್ನೂ ಹೊರುತ್ತದೆ.

ಮಿದುಳಿನ ಕೆಲಸವೇನೆಂದು ಗೊತ್ತಿಲ್ಲದ ಕಾಲದ ಮಾತಿದು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ 2ನೇ ಶತಮಾನದಲ್ಲೇ ವೈದ್ಯ ಗ್ಯಾಲೆನ್ ಪ್ರಾಣಿಗಳ ನರಗಳನ್ನು ಕಟ್ಟಿ, ಧ್ವನಿಯ ಹತೋಟಿ ಮಿದುಳಿನದೆಂದು ತೋರಿಸಿದ್ದ. 4ನೇ ಶತಮಾನದ ಕೊನೆಯ ಹೊತ್ತಿಗೆ ಸಿರಿಯದ ಎಮೆಸದ ಬಿಷಪ್ ನೆಮೀಸಿಯಸ್ ಕಲ್ಪನೆ, ವಿಚಾರ, ನೆನಪುಗಳಿಗೆ ಮಿದುಳಿನಲ್ಲಿ ಬೇರೆ ಬೇರೆ ಜಾಗ ಗುರುತಿಸಿದ. ಅದೇ ಶತಮಾನದವೆನ್ನಲಾಗುವ, ಮಕಾರಿಯಸ್ ಹೆಸರಿನ ಪ್ರವಚನಗಳು ಮಾತ್ರ ಹೃದಯವನ್ನು ಕ್ರೂರಮೃಗಗಳೂ ದೇವರೂ ಒಟ್ಟಿಗಿರುವ ಪುಟ್ಟ ಪಾತ್ರೆ ಎಂದು ಬಣ್ಣಿಸಿದವು. ಈ ಬಣ್ಣನೆ ದೇಹರಚನೆಯ ವಿವರವಲ್ಲವಾದ್ದರಿಂದಲೇ ಗ್ಯಾಲೆನ್ನನ ಶೋಧದಿಂದ ಅದಕ್ಕೆ ಕುಂದು ಬರಲಿಲ್ಲ. ದೇವರೆದುರು ನಿಲ್ಲುವ ಇಡೀ ಮನುಷ್ಯನಿಗೆ ಆ ಚಿಂತಕರು ಕೊಟ್ಟ ಹೆಸರು ಹೃದಯ.

ಹೃದಯಕ್ಕೂ ಅರಿವಿಗೂ ನಂಟು ಕಾಣುವ ಈ ವಿಚಾರ ನಮ್ಮ ರಾಯಚೂರು ಸೀಮೆಯವರಿಗೆ ತೀರ ಪರಕೀಯವೇನಲ್ಲ. ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರ ಶಿಷ್ಯರು ಮಾನ್ವಿಯ ಜಗನ್ನಾಥದಾಸರು (1728–1809). ಭಾಮಿನಿ ಷಟ್ಪದಿಯಲ್ಲಿರುವ ಅವರ ‘ಹರಿಕಥಾಮೃತಸಾರ’ದಲ್ಲಿ ಹೃದಯವು ಬಿಂಬರೂಪಿ ಹರಿಯ, ಎಂದರೆ ಜೀವಕ್ಕೆ ಮೂಲಬಿಂಬವಾದ ಹರಿಯ ನೆಲೆ. ಆ ನೆಲೆಯನ್ನು ಕಾಣಲು ಕಣ್ಣೀರೊಂದೇ ಸಾಲದು. ದೇವರು, ಜೀವ, ಜಡಗಳ ನಡುವಿನ ಪಂಚಭೇದದ, ಜೀವರ ಶ್ರೇಣಿಯಾದ ತಾರತಮ್ಯದ ಖಚಿತ ತಿಳಿವಳಿಕೆ ಬೇಕು. ಆ ಕೃತಿಯ ಶ್ವಾಸಸಂಧಿ ಎಂಬ ಭಾಗವಂತೂ ದಿನದ 21,600 ಉಸಿರುಗಳನ್ನೇ ಜಪವಾಗಿ ಎಣಿಸುತ್ತದೆ.

ಹಾಗಾದರೆ ಈ ಎರಡು ಪರಂಪರೆಗಳೂ ಒಂದೇ ಎನ್ನೋಣವೇ? ಅವಸರ ಬೇಡ. ದಾಸರಿಗೆ ಜೀವ ಅನಾದಿ. ಹರಿ ಎಂದಿನಿಂದಲೂ ಒಳಗಿದ್ದಾನೆ, ಅವನನ್ನು ಅರಿಯದಿರುವುದೇ ಬಂಧನ. ಅಗಸ್ಟೀನನಿಗೆ ಆತ್ಮ ದೇವರ ಸೃಷ್ಟಿ. ತನ್ನದೇ ಸಂಕಲ್ಪದಿಂದ ವಿಮುಖವಾದ ಹೃದಯವನ್ನು ದೇವರ ಕೃಪೆಯೇ ಮತ್ತೆ ತಿರುಗಿಸಬೇಕು. ಒಂದು ಇನ್ನೊಂದರಿಂದ ಎರವಲು ಪಡೆಯಿತೆಂದೂ ಹೇಳಬೇಕಾಗಿಲ್ಲ. ಆದರೂ ಭಾವನೆ ತೀವ್ರವಾಗಿದ್ದ ಮಾತ್ರಕ್ಕೆ ಅದು ಸತ್ಯವಾಗದು ಎಂಬಲ್ಲಿ ಇಬ್ಬರದೂ ಒಂದೇ ನಿಲುವು. ಎದೆಗೆ ತೋಚಿದಂತೆ ನಡೆದೆ ಎಂಬ ಇಂದಿನ ಸಮಜಾಯಿಷಿ ಇಬ್ಬರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಹಾಗೆ ತೋಚಿದ್ದೇಕೆ ಎಂದು ಆ ಎದೆಯನ್ನೇ ಮೊದಲು ವಿಚಾರಿಸು ಎನ್ನುತ್ತಿದ್ದರು.